ಎರಡು ನಂಬರಿನ ನೂಲು

ಮೊದಲು ಬೈದದ್ದು ಕರೆಂಟಿಗೆ.
ಸೊಲ್ಲಾಪುರದ ನಮ್ಮ ಓಣಿಯಲ್ಲಿ
ಎಲ್ಲರೂ ಮೊದಲು ಅದನ್ನೇ ಬೈಯುವುದು.
ಕೊನೆಯ ಸುತ್ತು, ನಾಲ್ವರಲ್ಲಿ ಉಳಿದವಳು ನಾನೊಬ್ಬಳೇ,
ಬಂದೂಕಿನಲ್ಲಿ ಏಳು ಗುಂಡು, ಎದುರಿಗೆ ಒಂದು ಬಾಗಿಲು,
ಅಷ್ಟರಲ್ಲಿ ಪರದೆ ನೀಲಿ.
ಒಂದು ಅಳುಮುಖ, ಅದರ ಕೆಳಗೆ
ಕ್ಷಮೆ ಕೇಳಿದಂತೆ ಒಂದು ಸಾಲು.
ಕಿವಿಯೊಳಗೆ ಅಂಬಾದಾಸನ ತೆಲುಗು ಬೈಗುಳ
ಅರ್ಧಕ್ಕೆ ತುಂಡಾಗಿ
ಅದೇ ಅಕ್ಷರ ಗರ್ರನೆ ತಿರುಗಿ ನಿಂತಿತು.

ಮಿಕ್ಸರಿಗೆ ಬೇಕು ಅಂತ ಅವ್ವನಿಗೆ ಹೇಳಿ
ಸ್ಟೆಬಿಲೈಜರ್ ತಂದೆ.
ಗ್ರಾಫಿಕ್ಸ್ ಕಾರ್ಡು ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ
ಫ್ಯಾನಿನ ಧೂಳು ತೆಗೆದೆ.
ನಮ್ಮಲ್ಲಿ ಧೂಳೆಂದರೆ ಹತ್ತಿ;
ಅನ್ನದ ಮೇಲೂ ಅದೇ, ದೇವರ ಮೇಲೂ ಅದೇ.
ಡ್ರೈವರ್ ಹಳೆಯದು ಹಾಕಿದೆ, ಹೊಸದು ಹಾಕಿದೆ,
ವಿಂಡೋಸನ್ನೇ ಒರೆಸಿ ಮತ್ತೆ ತುಂಬಿದೆ.
ಇಪ್ಪತ್ತು ನಿಮಿಷ ಸುಖ. ಮತ್ತೆ ನೀಲಿ.
ಒಂದು ದಿನ ಪರೀಕ್ಷೆಯ ವೇಳಾಪಟ್ಟಿ ತೆರೆದಾಗಲೂ ನೀಲಿ.
ಆಗ ಆಟದ ಮೇಲಿನ ಸಂಶಯ ಹೋಯಿತು.

ಅಂಬಾದಾಸ ಒಂದು ಪೆನ್‌ಡ್ರೈವ್ ತಂದುಕೊಟ್ಟ.
"ರಾತ್ರಿಯೆಲ್ಲಾ ಓಡಸು. ಇದು ರ‍್ಯಾಮಿನ ನೆನಪು ನೋಡ್ತದ."

ಕಪ್ಪು ಪರದೆಯ ಮುಂದೆ ಚಾಪೆ ಹಾಸಿ ಕೂತೆ.
ಅದು ಬರೆಯುತ್ತದೆ, ಓದುತ್ತದೆ, ಅಷ್ಟೇ ಕೆಲಸ.
ಕೋಟಿ ಕೋಟಿ ಮನೆಗಳ ಕದ ತಟ್ಟಿ
ನಿನ್ನ ಕೈಗೆ ಒಂದು ಕೊಟ್ಟಿದ್ದೆ, ಒಂದೇ ಇದೆಯಾ, ಎಂದು ಕೇಳುತ್ತದೆ.
ಎರಡೂಕಾಲಿಗೆ ಯಾವುದೋ ಮನೆ ಹೇಳಿತು:
ಸೊನ್ನೆ.
ಕೆಂಪು ಗೆರೆ. ಆಮೇಲೆ ಮೂರು.
ಆಮೇಲೆ ನಾನು ಎಣಿಸಲಿಲ್ಲ.

ಎರಡೂ ಪಟ್ಟಿ ಕಿತ್ತು
ಏಳನೇ ಇಯತ್ತೆಯ ರಬ್ಬರಿನಿಂದ
ಅವುಗಳ ಚಿನ್ನದ ಹಲ್ಲು ತಿಕ್ಕಿದೆ.
ಹೊಸದನ್ನೊಂದೇ ಇಟ್ಟು ನೋಡಿದೆ: ಸ್ವಚ್ಛ.
ನವೀ ಪೇಟೆಯಲ್ಲಿ ಸೆಕೆಂಡ್‌ಹ್ಯಾಂಡ್ ತಂದದ್ದನ್ನೊಂದೇ ಇಟ್ಟೆ: ಅದೂ ಸ್ವಚ್ಛ.
ಜೋಡಿಸಿದರೆ ಜಗಳ.
ಖಾನೆ ಬದಲಿಸಿದರೂ ಜಗಳ.
ನನ್ನ ಇಬ್ಬರು ಸೋದರತ್ತೆಯರ ಕಥೆ.

ಪಾಳಿ ಮುಗಿಸಿ ಅಪ್ಪ ಬಂದ, ರೆಪ್ಪೆಯ ಮೇಲೆ ಹತ್ತಿ.
ಮೂವತ್ತು ವರ್ಷದ ಜಾಬರ್ ಕೆಲಸ, ಮಗ್ಗಕ್ಕೆ ಅರ್ಧ ಕಿವಿ ಕೊಟ್ಟವನು;
ಮನೆಯೊಳಗೂ ಕೂಗಿಯೇ ಮಾತು.
"ಏನವ್ವಾ ಅದು, ಕೆಂಪಂದು?"
"ಎಳಿ ಹರದಾವ ಅಪ್ಪಾ," ಅಂದೆ.
ಬೇರೆ ಹೇಗೆ ಹೇಳಲಿ.

ಪಟ್ಟಿಗಳನ್ನು ಬಿಚ್ಚಿಸಿ, ಕೈ ಉದ್ದ ಚಾಚಿ ಹಿಡಿದು
ಚೀಟಿಯ ಅಂಕಿ ಓದಿದ.
"ಇದು ಮೂವತ್ತೆರಡು ನೂರು. ಇದು ಮೂವತ್ತಾರು ನೂರು.
ಎರಡು ನಂಬರಿನ ನೂಲು ಒಂದ ಬೀಮಿಗೆ ಸುತ್ತೀದಿ.
ಎಷ್ಟರಾಗ ಓಡಸ್ತಿ?"
"ಮೂವತ್ತಾರರಾಗ."
"ಮತ್ತ ಹರೀಲಾರದ ಏನ ಮಾಡೀತು?
ಮಗ್ಗ ಕೆಟ್ಟಿಲ್ಲ, ನೂಲು ಕೆಟ್ಟಿಲ್ಲ. ವೇಗ ಇಳಸು."
ಚಹಾ ಕುಡಿದು ಮಲಗಿಬಿಟ್ಟ.

ಬಯಾಸ್ ತೆರೆದೆ. ಮೂವತ್ತೆರಡು ನೂರು.
ಎಲ್ಲರ ಮುಂದೆ ಜಂಬ ಕೊಚ್ಚಿದ್ದ ವೇಗ, ಒಂದು ಗುಂಡಿಯಲ್ಲಿ ಹೋಯಿತು.
ಮಧ್ಯಾಹ್ನ, ತಗಡಿನ ಮಾಳಿಗೆ ಚಟಚಟ ಅನ್ನುವ ಹೊತ್ತಿಗೆ
ಒಂದು ಗೆರೆ ಬಂತು.
ಒಂದೇ ಒಂದು.
ಎದ್ದು ಬಂದ ಅಪ್ಪನಿಗೆ ತೋರಿಸಿದೆ, ಸ್ವಲ್ಪ ಖುಷಿಯಿಂದಲೇ:
ನೀನು ಹೇಳಿದಷ್ಟೇ ಮಾಡಿದೆ, ನೋಡು.
ಅವನು ಬನಿಯನ್ನಿನಿಂದ ಕತ್ತು ಒರೆಸಿಕೊಂಡ.
"ಚೀಟಿ ಬರದಾಂವ
ಸೊಲ್ಲಾಪುರದ ಬ್ಯಾಸಗಿ ನೋಡಿಲ್ಲವ್ವಾ. ಇನ್ನೊಂದೀಟು ಇಳಸು."

ಮೂರು ಸಾವಿರ.
ನಾಲ್ಕು ಸುತ್ತು, ಒಂದು ಹಗಲು, ಒಂದು ರಾತ್ರಿ.
ಪ್ರತಿ ಮನೆಯೂ ಕೊಟ್ಟದ್ದನ್ನೇ ಹಿಂದಕ್ಕೆ ಕೊಟ್ಟಿತು.

ಮರುದಿನ ಅದೇ ಬಾಗಿಲು, ಗುಂಡು ಒಂಬತ್ತು.
ಪರದೆ ಅಲುಗಲಿಲ್ಲ.
ನಾನು ಒಳಗೆ ನುಗ್ಗಿದೆ, ಎಡಕ್ಕೆ ನೋಡಲಿಲ್ಲ, ಸತ್ತೆ.
ಪೂರ್ತಿ ನನ್ನದೇ ತಪ್ಪಿಗೆ.
ಅಂಬಾದಾಸ ತೆಲುಗಿನಲ್ಲಿ ಬೈಯತೊಡಗಿದ.
ಈ ಸಲ ಎಲ್ಲೂ ತುಂಡಾಗಲಿಲ್ಲ.
ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡೆ.