ಬಿಚ್ಚಣಿಕೆ

ಶಿಡ್ಲಘಟ್ಟದಲ್ಲಿ ನನ್ನ ಬೆರಳಿಗೆ ಹೆಸರಿದೆ.
ಕುದಿನೀರಲ್ಲಿ ನೆಂದು ಬೆಳ್ಳಗೆ ಸುಕ್ಕಾದ ಈ ಹತ್ತೂ
ಗೂಡು ಮುಟ್ಟಿಯೇ ಹೇಳುತ್ತವೆ:
ಇದು ಪೊಳ್ಳು, ಇದು ಜೋಡಿ, ಇದರ ಹುಳ ಒಳಗೇ ಕೊಳೆತಿದೆ.
ಓಡುವ ಎಳೆಯಲ್ಲಿ ಎಳ್ಳಷ್ಟು ಗಂಟಿದ್ದರೂ
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು.

ಆದರೂ ನಲವತ್ತಮೂರು ವರ್ಷ
ನನ್ನನ್ನೇ ನಾನು ಮುಟ್ಟಿ ನೋಡಿದ್ದಿಲ್ಲ.
ಸೋಪು ಹಚ್ಚಿದ್ದೆ, ಅಷ್ಟೆ.

ಮಂಗಳವಾರ ಕ್ಯಾಂಪು. ಹಸಿರು ಪರದೆಯ ಹಿಂದೆ
ಸಿಸ್ಟರ್ ದ್ರಾಕ್ಷಾಯಿಣಿ, ಬಾಗಲಕೋಟೆ ಕಡೆಯವರು,
ತೊಡೆಯ ಮೇಲೆ ಫಾರಮ್ಮು.
ಮೈನೆರೆದದ್ದು? ಹನ್ನೊಂದಕ್ಕೆ.
ಮೊದಲ ಹೆರಿಗೆ? ಮೂವತ್ತೊಂದಕ್ಕೆ.
ಹಾಲು ಕುಡಿಸಿದ್ದು ಎಷ್ಟು ತಿಂಗಳು?
ಒಂಬತ್ತು ದಿನ, ಅಂದೆ.
ಪೆನ್ನು ಒಂದು ಗಳಿಗೆ ನಿಂತಿತು.
ಆ ಒಂಬತ್ತನ್ನು ಹನ್ನೆರಡು ವರ್ಷದಲ್ಲಿ
ಯಾರೂ ಬರೆದುಕೊಂಡಿರಲಿಲ್ಲ.

ಮನ್ಯಾಗ ಯಾರಿಗರೆ ಇತ್ತೇನ್ರಿ?
ಚಿಕ್ಕಮ್ಮ ಪಿಳ್ಳವೆಂಕಟಮ್ಮ
ಎರಡು ವರ್ಷ ಅರಿಶಿನ ಅರೆದು ಹಚ್ಚಿ
ಸೆರಗಿನಡಿ ಬಚ್ಚಿಟ್ಟಿದ್ದಳು,
ಚೀಟಿ ದುಡ್ಡಿನ ಗಂಟು ಬಚ್ಚಿಟ್ಟ ಹಾಗೆ.
ವಾಸನೆ ಬಂದ ಮೇಲೆ ಮನೆಗೆ ತಿಳಿಯಿತು.
"ನೋಯಲಿಲ್ಲವಲ್ಲೇ" ಅಂದಳು.
ಅದೊಂದೇ ಅವಳ ಸಮಜಾಯಿಷಿ.

"ಭಾಳ ಸಲ ನೋಯೂದಿಲ್ಲ, ಅದ ಅದರ ಮೋಸ.
ಚಿಕ್ಕಮ್ಮಗ ಇತ್ತಂದ್ರ ನಿಮಗೂ ಬಂದ ಬರ್ತದ ಅಂತಲ್ಲ.
ಯಾರಿಗೂ ಇಲ್ಲಂದ್ರ ಬರೂದ ಇಲ್ಲ ಅಂತನೂ ಅಲ್ಲ."
ಸರಿ. ಗೂಡು ಮಾರ್ಕೆಟ್ಟಿನ ರೇಟಿನ ಹಾಗೆ,
ನಿನ್ನೆಯದು ನೋಡಿ ಇವತ್ತಿನದು ಅಂದಾಜಿಸಬಹುದು,
ಆಣೆ ಮಾಡಲಾಗದು.

ಅವರ ಕೈ ತಣ್ಣಗಿತ್ತು.
ಮೂರು ಬೆರಳ ಮೆತ್ತೆ, ಸುತ್ತು ಸುತ್ತು, ಕಂಕುಳ ತನಕ.
ಎಳೆಯ ತುದಿ ಹುಡುಕುವವರ ಹಾಗೆಯೇ, ಅಂದುಕೊಂಡೆ.
ಆಮೇಲೆ ನನ್ನ ಕೈಯನ್ನೇ ಹಿಡಿದು ಇಟ್ಟರು.
ಇದು? ಪಕ್ಕೆಲುಬು. ಇದು? ಬರೀ ಮಾಂಸ.
ಇದು?
ನನ್ನ ಬೆರಳು ನಿಂತಿತು. ಅವರದೂ.

"ಎಲ್ಲಾ ಗಂಟೂ ಅದ ಇರೂದಿಲ್ಲ. ಹೆಚ್ಚಿನವು ಸಾದಾ.
ಆದ್ರ ಫೋಟೋ ತಗೀದ ಹೇಳಾಕ ಆಗೂದಿಲ್ಲ."
ಚಿಕ್ಕಬಳ್ಳಾಪುರಕ್ಕೆ ಚೀಟಿ ಬರೆದರು. ಗುರುವಾರ.

ಬಸ್‌ಸ್ಟ್ಯಾಂಡಿನವರೆಗೆ ಸುಮ್ಮನೆ ನಡೆದೆ.
ತಾಳಿಗೆ ಮೂರು ಗಂಟು ಹಾಕಿದವನಿಗೆ
ಈ ನಾಲ್ಕನೆಯದನ್ನು ಹೇಗೆ ಹೇಳಲಿ?
ಕಸುಬು ಕಲಿಸಿದ್ದು ಇಷ್ಟು:
ಗಂಟು ಸಿಕ್ಕರೆ ರಾಟೆ ನಿಲ್ಲಿಸು, ಬೆಳಕಿಗೆ ಹಿಡಿ.

ಶಮೀಮ್ ಉನ್ನಿಸಾಗೆ ಅಂದೆ:
ಗುರುವಾರ ನನ್ನ ಬೇಸಿನ್ನೂ ನೀನೇ ನೋಡಿಕೋ.
ಯಾಕೆ ಅಂತ ಕೇಳಿದಳು. ಹೇಳಿದೆ.
ಅವಳು ಒದ್ದೆ ಕೈ ಒರೆಸಿಕೊಂಡಳು.
ಹಬೆಯ ಮರೆಯಲ್ಲಿ ಅವಳ ಬಲಗೈ
ಎಡ ಕಂಕುಳ ಕಡೆ ಹೋದದ್ದು ಕಂಡೆ.
ಸುತ್ತು ಸುತ್ತು, ಅಂದೆ. ಅವಸರ ಬೇಡ.