ನಾಲ್ಕನೆಯ ಸೀಟು

ಎದೆಯ ಮೇಲೆ ಐದು ಬಿಲ್ಲೆ ಅಂಟಿಸಿ
ಸೊಂಟಕ್ಕೊಂದು ಡಬ್ಬಿ ಕಟ್ಟಿ
ತಾಂಡೇಲ್ ಹೇಳಿದ: ಇಪ್ಪತ್ನಾಲ್ಕು ತಾಸು ಬಿಚ್ಚುವ ಹಾಗಿಲ್ಲ.
ಸ್ನಾನ ಬೇಡ. ಉಳಿದದ್ದೆಲ್ಲ ದಿನಾ ಮಾಡಿದಂತೆ ಮಾಡಿ,
ಯಾವ ಹೊತ್ತಿಗೆ ಏನು ಮಾಡಿದಿರಿ, ಈ ಹಾಳೆಯಲ್ಲಿ ಬರೀರಿ.

ಬರೆದೆ.
ಐದು ಹತ್ತು, ಹಾಲು ಉಕ್ಕಿತು.
ಆರೂವರೆ, ಮಗಳ ಜಡೆ, ಒಂದು ರಿಬ್ಬನ್ ಸಿಗಲಿಲ್ಲ.
ಏಳು ಐವತ್ತು, ಡೊಂಬಿವಲಿಯ ಸೇತುವೆ, ನಲವತ್ತೆರಡು ಮೆಟ್ಟಿಲು;
ಹನ್ನೊಂದು ವರ್ಷದಲ್ಲಿ ಎಣಿಸಿದ್ದು ಇವತ್ತೇ.

ಎಂಟು ಹನ್ನೆರಡರ ಫಾಸ್ಟು.
ದುಪಟ್ಟಾದ ಕೆಳಗೆ ವೈರು ಕಂಡದ್ದೇ ನಸ್ರೀನ್,
"ಏನೇ, ಮೈಗೆ ಚಾರ್ಜಿಂಗ್ ಹಾಕ್ಕೊಂಡು ಬಂದ್ಯಾ?"
ಹೇಳಿದೆ. ನಕ್ಕರು, ಆಮೇಲೆ ನಗಲಿಲ್ಲ.
ಗಾವಣಕರ್ ಬಾಯಿ ಬಟಾಣಿ ಸುಲಿಯುವುದು ಬಿಟ್ಟು
ಮೂವರ ಸೀಟಿನಲ್ಲಿ ಗೇಣಗಲ ಸರಿದು ಕೂತ್ಕೋ ಎಂದರು.
ಅದು ಚೌಥಿ ಸೀಟು:
ಒಂದು ಕಾಲು ದಾರಿಯಲ್ಲಿ, ಒಂದು ಕುಂಡೆ ಗಾಳಿಯಲ್ಲಿ,
ರೈಲ್ವೆಯ ಯಾವ ಕಡತದಲ್ಲೂ ಇಲ್ಲದ ಸೀಟು.

ದಿವಾದಲ್ಲಿ ಜನ ನುಗ್ಗಿದಾಗ
ಕುಂದಾ ಎರಡೂ ಕೈ ಮೇಲಿನ ಕಂಬಿಗೆ ಹಾಕಿ
ಬೆನ್ನಿನಿಂದ ಅಷ್ಟೂ ಜನರನ್ನು ತಡೆದು
"ಸರೀರಿ ಆಚೆ, ವೈರಿದೆ ಇಲ್ಲಿ!" ಎಂದು
ಗುರುತಿಲ್ಲದವರ ಮೇಲೆ ಹರಿಹಾಯ್ದಳು.
ಮುಂಬ್ರಾದ ಗುಡ್ಡ ಬಂದಾಗ ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ,
ಯಾರದೋ ಮಲ್ಲಿಗೆ ಮೂಗಿನಲ್ಲಿ,
ಉಸಿರಿಗೂ ಸರದಿ.
ಹಾಳೆಯಲ್ಲಿ ಬರೆದೆ: ಗರ್ದಿ.

ಭಾಯಖಳಾದ ಪತಪೇಢಿಯಲ್ಲಿ ನನಗೊಂದು ಇಡೀ ಖುರ್ಚಿಯಿದೆ.
ಕೈಯುಳ್ಳದ್ದು. ಮೇಲೆ ಎಸಿ. ಅಕ್ಕಪಕ್ಕ ಯಾರೂ ಇಲ್ಲ.
ಕ್ಯಾಶಿನಲ್ಲಿ ಮೂವತ್ತೆಂಟು ಸಾವಿರ ಕಡಿಮೆ ಬಂದ ದಿನದಿಂದ
ನಾನು ಬುತ್ತಿ ಬಿಚ್ಚಿದರೆ ಉಳಿದವರ ಹಸಿವೆ ಸಾಯುತ್ತದೆ.
ಒಬ್ಬರೂ ಬೈದಿಲ್ಲ, ಅದನ್ನು ಹೇಳಲೇಬೇಕು.
ಬೈದಿದ್ದರೆ ಬರೆಯಬಹುದಿತ್ತು.
ಒಂದೂವರೆ, ಊಟ. ಎರಡೂವರೆ, ಲೆಜರ್.
ಮೂರು, ಕೂತಿದ್ದೆ.

ವಾರದ ಮೇಲೆ ಡಾಕ್ಟರ್ ಸೋಹನಿ ಹಾಳೆಗೆ ಹಾಳೆ ಹೊಂದಿಸಿ
ಕನ್ನಡಕ ಹಣೆಗೇರಿಸಿದರು.
"ಎಂಟು ಇಪ್ಪತ್ತಕ್ಕೆ ಎಪ್ಪತ್ನಾಲ್ಕು. ತೂಕಡಿಸ್ತಿದ್ರಾ?"
ಇಲ್ಲ, ದಿವಾ ದಾಟಿ ಮುಂಬ್ರಾದಲ್ಲಿದ್ದೆ.
"ಈ ಮೂರು ಗಂಟೆಗೆ? ನೂರ ಇಪ್ಪತ್ತೆಂಟು. ಓಡಿದ್ರಾ?"
ಗೆರೆ ಅಲ್ಲಿ, ಮಗಳು ಸಿಟ್ಟಿನಲ್ಲಿ ಪೆನ್ಸಿಲು ಗೀಚಿದ ಹಾಗಿತ್ತು.
ಕೂತಿದ್ದೆ, ಅಂದೆ. ಬರೆದಿದ್ದೀನಲ್ಲ.

ಬಿಳಿ ಗುಳಿಗೆ, ರಾತ್ರಿ ಅರ್ಧ.
ಗಾವಣಕರ್ ಬಾಯಿ ಕೇಳಿ ನಕ್ಕರು:
ಅರ್ಧ ಗುಳಿಗೆ, ಅರ್ಧ ಸೀಟು,
ಪೂರಾ ಅಂತ ನಿನ್ನ ಹಣೆಯಲ್ಲಿ ಏನೂ ಬರೆದಿಲ್ಲ ನೋಡು.

ಚೌಕಶಿ ಗುರುವಾರ ಇತ್ತು.
ಮೇಜಿನ ಆಚೆ ಮೂವರು, ಈಚೆ ನಾನು.
ಬಾಗಿಲು ಮುಚ್ಚುವ ಮೊದಲು ಕಂಡಿತು,
ಕಾರಿಡಾರಿನ ಬೆಂಚಿನ ತುದಿಗೆ ಲೂರ್ಡಿನಾ.
ರಜೆ ಹಾಕಿ ಬಂದಿದ್ದಳು, ಹೇಳಿರಲಿಲ್ಲ.
ಯಾರು ಬೇಕು ಎಂದ ಪ್ಯೂನನಿಗೆ ಯಾರೂ ಬೇಡ ಎಂದಳಂತೆ,
ಉಣ್ಣೆಯ ಉಂಡೆ ತೆಗೆದು ಹೆಣೆಯಲು ಕೂತಳಂತೆ,
ಮೇ ತಿಂಗಳ ಮುಂಬಯಿಯಲ್ಲಿ, ಸ್ವೆಟರು.

ಅವಳು ಸಾಕ್ಷಿಯಲ್ಲ. ನನ್ನ ಲೆಕ್ಕ ಅವಳಿಗೆ ತಿಳಿಯದು.
ತೆಗೆದದ್ದು ನೀನೇನಾ ಎಂದು ಒಂದು ದಿನ ಕೇಳಿಯೂ ಇದ್ದಳು.
ಇಲ್ಲ ಎಂದೆ.
ಸರಿ ಎಂದಿದ್ದಳು.

ನಾಲಗೆ ಒಣಗಿತ್ತು, ಕೈ ನಡುಗಿತು, ಮುಚ್ಚಿಡುವುದೇನು.
ಆದರೂ ವೋಚರಿನ ನಂಬರು ಒಂದೊಂದಾಗಿ ಬಾಯಿಗೆ ಬಂತು,
ನಡುನಡುವೆ ಬಾಗಿಲಾಚೆ ಸೂಜಿಗೆ ಸೂಜಿ ತಾಗುವ ಸದ್ದು,
ಕೇಳಿಸಿತೋ
ಕೇಳಿಸಿತು ಅಂದುಕೊಂಡೆನೋ.

ತೀರ್ಪು ಇನ್ನೂ ಬಂದಿಲ್ಲ.
ಆವತ್ತು ಸೊಂಟಕ್ಕೆ ಡಬ್ಬಿ ಇರಲಿಲ್ಲ,
ಎದೆ ಎಷ್ಟು ಹೊಡೆದುಕೊಂಡಿತು ಎಂದು
ಡಾಕ್ಟರಿಗೆ ತೋರಿಸಲು ಗೆರೆಯಿಲ್ಲ.
ಇರುವುದು ಬೂದು ಬಣ್ಣದ ಒಂದು ತೋಳು, ಇನ್ನೊಂದು ಬಾಕಿ.
ಯಾರಿಗೇ ಇದು, ಎಂದೆ ಇವತ್ತು ಬೆಳಿಗ್ಗೆ.
"ಅಳತೆ ಇನ್ನೂ ತಗೊಂಡಿಲ್ಲ," ಎಂದಳು,
"ಕಾಲು ಒಳಗೆ ತಗೋ, ಠಾಣೆ ಬಂತು."