ಜಕ್ಕನಹಳ್ಳಿಯಿಂದ ಮೇಲಕ್ಕೆ

ಒಂದು ಲೀಟರಿಗೆ ಇಷ್ಟೇ ಎಣ್ಣೆ ಎಂದು
ಬಂಕಿನ ಹುಡುಗನಿಗೆ ಹೆಬ್ಬೆರಳ ಗೆಣ್ಣು ತೋರಿಸಿ,
ಗಾಡಿಯನ್ನೇ ಹಿಡಿದು ಎಡಕ್ಕೆ ಬಲಕ್ಕೆ ಕುಲುಕಿ,
ಚೆಲ್ಲಿದ್ದನ್ನು ಪಂಚೆಯ ಅಂಚಿನಲ್ಲಿ ಒರೆಸಿ
ಗೌಸ್ ಪೀರ್ ಮಾಮ ಹಿಂದೆ ಕೂತರು.
ಎಪ್ಪತ್ತಾರು ವರ್ಷ. ಎರಡೂ ಕಿವಿ ಇಲ್ಲ.

ಇಲ್ಲ ಅಂದರೆ, ಇವೆ.
ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಇಂಜಿನ್ನುಗಳೆದುರು ನಿಂತು
ಇದು ಸರಿ, ಇದು ವಾಪಸ್, ಇದರ ಬೇರಿಂಗಿಗೆ ಕೆಮ್ಮು
ಎಂದು ಸೀಮೆಸುಣ್ಣದ ಗೀಟು ಹಾಕಿಸಿದ ಕಿವಿಗಳು
ಕೊನೆಗೊಮ್ಮೆ ತಾವೇ ವಾಪಸಾದವು.

ಅವರ ಎಜ್ಡಿಯನ್ನು ಬಿಚ್ಚಿ ಕಟ್ಟಿದ್ದು ನಾನು,
ಪಾಂಡವಪುರದ ನನ್ನ ಶೆಡ್ಡಿನಲ್ಲಿ, ಆರು ತಿಂಗಳು.
'ಹೆಣ್ಣುಡ್ಗಿ ಕೈಲಿ ಎದ್ದಾತಾ ಇದು?' ಅಂದವರಿಗೆ
ಉತ್ತರ ಹೇಳಲು ಪುರುಸೊತ್ತಿರಲಿಲ್ಲ;
ಪಿಸ್ಟನ್ ರಿಂಗಿಗೆಂದು ಮಂಡಿ ಮೊಹಲ್ಲಾದ
ಗುಜರಿ ಗುಡ್ಡೆಗಳಲ್ಲಿ ಮೊಣಕೈವರೆಗೆ ಮುಳುಗಿದ್ದೆ.
ಇವತ್ತು ಟ್ರಯಲ್.
ಇದರ ಕಿಕ್ಕರೇ ಗೇರು, ಗೇರೇ ಕಿಕ್ಕರು.
ಒದ್ದು ಎಬ್ಬಿಸಿದ ಕಾಲಲ್ಲೇ ಓಲೈಸಿ ನಡೆಸಬೇಕು.

ಒಪ್ಪಂದ ಮೊದಲೇ ಆಗಿತ್ತು:
ಹೆಗಲ ಮೇಲೆ ಒಂದು ತಟ್ಟಿದರೆ ಮೇಲಿನ ಗೇರು,
ಎರಡು ತಟ್ಟಿದರೆ ಕೆಳಗಿನದು,
ಹಿಂಡಿದರೆ ನಿಲ್ಲು.

ಊರು ದಾಟಿದ್ದೇ ರಸ್ತೆ ತುಂಬ ಹುರುಳಿ.
ಬಸ್ಸು ಕಾರು ತುಳಿದು ಬಡಿದುಕೊಡಲೆಂದು
ಹಾಸಿಟ್ಟ ಒಣ ಬಳ್ಳಿ.
ಹಿಂಚಕ್ರ ಒಂದು ಗೇಣು ಜಾರಿ ಮನಸ್ಸು ಬದಲಿಸಿತು.
'ಮೆತ್ತಗ್ ಓಡ್ಸವ್ವ, ಕಾಳೆಲ್ಲ ಚರಂಡಿ ಪಾಲಾಯ್ತವೆ!'
ಮೊರ ಎತ್ತಿ ಕೂಗಿದಳು ಒಬ್ಬಳು.
ಮಾಮ ಅವಳಿಗೆ ಸಲಾಮು ಹೊಡೆದರು,
ಹೊಗಳಿದಳೆಂದುಕೊಂಡು.

ಮೊದಲ ತಿರುವು. ಬೋಳು ಬಂಡೆ, ಬಂದರೆ ಗಿಡ,
ಲಂಟಾನದ ಬೇಲಿಯಾಚೆ ತಟಕ್ಕನೆ ಇಲ್ಲವಾಗುವ ನೆಲ.
ಎರಡು ತಟ್ಟು.
ನನಗೇನೂ ಕೇಳಿಸಿರಲಿಲ್ಲ, ಆಣೆಗೂ.
ಅವರಿಗೆ ಅಂಗಾಲಿನಿಂದ, ಮೊಣಕಾಲ ಚಿಪ್ಪಿನಿಂದ
ಬೆನ್ನುಹುರಿ ಹತ್ತಿ ತಲುಪಿತ್ತು ಸುದ್ದಿ:
ಏದುಸಿರು.
ಗೇರು ಇಳಿಸಿದೆ. ಇಂಜಿನ್ನು ಗಂಟಲು ಸರಿಮಾಡಿಕೊಂಡಿತು.

ಮೂರನೆಯ ತಿರುವಲ್ಲಿ ಕೆಂಪು ಬಸ್ಸು
ರಸ್ತೆಯ ಅಗಲವನ್ನೆಲ್ಲ ತೊಟ್ಟುಕೊಂಡು, ಕಿರುಚಿಕೊಂಡು ಬಂತು.
ಬಂಡೆಗೆ ಹ್ಯಾಂಡಲ್ ತಾಗಿಸಿ ನಾನು ಬೆವರುವಾಗ
ಹಿಂದಿನಿಂದ ಒಂದು ತಟ್ಟು, ಸಾವಧಾನವಾಗಿ:
ಮೇಲಿನ ಗೇರು ಹಾಕು, ಏನಾಗಿದೆ ನಿನಗೆ?

ಯಾದವಗಿರಿಯಲ್ಲಿ ಹುಟ್ಟಿದ್ದು ಯದುಗಿರಿ ಹತ್ತುತಿದೆ ಮಾಮ
ಎಂದು ಕೂಗಿದೆ.
ಗಾಳಿ ಕೇಳಿಸಿಕೊಂಡಿತು.

ಊರಿನ ಹೆಬ್ಬಾಗಿಲು ಇನ್ನೂ ದೂರವಿತ್ತು, ಹೆಗಲು ಹಿಂಡಿದರು.
ಇಳಿದವರೇ ನನ್ನ ಜೇಬಿನ ಸ್ಕ್ರೂಡ್ರೈವರ್ ಕಿತ್ತು
ತುದಿಯನ್ನು ಇಂಜಿನ್ನಿಗೆ ಒತ್ತಿ
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿದರು.

ಕೊಳದ ಕಡೆಯಿಂದ ಬಂದ ಮೂರು ಹುಡುಗರು ನಕ್ಕರು.
ಒಂದು ಕೋತಿ ಕೂಡ ನೋಡಿತು, ಅದು ನಗಲಿಲ್ಲ.
ಎಷ್ಟು ಹೊತ್ತು ಅಂತ ಹೇಳಲಾರೆ.
ದವಡೆ ನಡುಗುತ್ತಿತ್ತು, ಅದು ಇಂಜಿನ್ನಿನ ನಡುಕವೇ,
ಗಡ್ಡದ ಬಿಳಿ ಕೂದಲೂ ಅದರ ಲೆಕ್ಕಕ್ಕೇ.
ಆಮೇಲೆ ಸ್ಕ್ರೂಡ್ರೈವರ್ ಒರೆಸಿ ವಾಪಸ್ ಕೊಟ್ಟು
ಸರಿಯೆನ್ನಲಿಲ್ಲ, ವಾಪಸ್ ಎನ್ನಲಿಲ್ಲ.
ಕಿವುಡರ ದೊಡ್ಡ ದನಿಯಲ್ಲಿ ಬೆಟ್ಟಕ್ಕೆಲ್ಲ ಕೇಳುವಂತೆ:

'ಇಳಿವಾಗ ಪೂರ್ತಿ ಮುಚ್ಚಬೇಡ ಮಗಾ ಆಕ್ಸಿಲೇಟರು.
ಸುಮ್ಮನೆ ಜಾರುತ್ತೆ, ಖುಷಿಯೇ ಆಗುತ್ತೆ.
ಆದರೆ ಇದಕ್ಕೆ ಎಣ್ಣೆ ಬರೋದೇ ಪೆಟ್ರೋಲಿನ ಜೊತೆ.
ಏರಿನಲ್ಲಿ ಸುಟ್ಟ ಗಾಡಿ ಒಂದೂ ನೋಡಿಲ್ಲ ನಾನು,
ಇಳಿಜಾರಿನಲ್ಲಿ ಒಣಗಿ ಕಚ್ಚಿಕೊಂಡವೇ ಎಲ್ಲಾ.'

ಇಳಿದೆವು. ತಿರುವು ತಿರುವಿಗೂ ಒಂದು ಗುಟುಕು ಕೊಡುತ್ತಾ,
ಮಲಗುವ ಮಗುವಿಗೆ ತುತ್ತು ಇಡುವ ಹಾಗೆ.
ಕೆಳಗೆ ರಸ್ತೆ ಗುಡಿಸಿಯಾಗಿತ್ತು,
ಮೊರದವಳು ಮನೆಗೆ ಹೋಗಿದ್ದಳು,
ಡಾಂಬರಿನ ಬಿರುಕಲ್ಲಿ ಅಲ್ಲೊಂದು ಇಲ್ಲೊಂದು ಕಾಳು.

ಹೆಗಲ ಮೇಲೆ ಒಂದು ತಟ್ಟು. ಹಾಕಿದೆ.
ಎರಡು, ಮೂರು, ನಾಲ್ಕು,
ಐದು, ಆರು, ನಿಲ್ಲದೆ, ಒಂದೇ ಲಯದಲ್ಲಿ...
ಅಷ್ಟು ಗೇರಿಲ್ಲ ಮಾಮ ಇದರಲ್ಲಿ.